ಟವರ್ ಎದ್ದರೂ ಸಿಗ್ನಲ್ ಇಲ್ಲವೇಕೆ? ಮೊಬೈಲ್ ಜಾಲದ ‘ಪಹಣಿ’ಯಾದ ಎಕ್ಸ್‌ಎಂಎಲ್ ಫೈಲ್‌ನ ಒಳಗುಟ್ಟು

ಊರಾಚೆ ಗದ್ದೆ ಬದುವಿನಲ್ಲಿ ಹೊಸ ಟವರ್ ನಿಂತಿದೆ. ಮೇಲೆ ಆಂಟೆನಾ ಕಟ್ಟಿ ಆಗಿದೆ, ಕೆಳಗಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗುತ್ತಿದೆ, ಸೆಸ್ಕ್‌ನ ವಿದ್ಯುತ್ ಮೀಟರ್ ತಿರುಗುತ್ತಿದೆ. ಫೋನ್ ತೆಗೆದು ನೋಡಿದರೆ ಮಾತ್ರ ಒಂದು ಕಡ್ಡಿಯೂ ಇಲ್ಲ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ 2025ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆ ಸಿಕ್ಕಿತು, ಖಾಸಗಿ ಕಂಪನಿಗಳ 5ಜಿ ಪೆಟ್ಟಿಗೆಗಳೂ ಹಳೆಯ ಟವರ್‌ಗಳನ್ನು ಏರುತ್ತಿವೆ. ಹಾಗಾಗಿ ‘ಟವರ್ ಆನ್ ಆಗಿದೆಯಲ್ಲ, ಸಿಗ್ನಲ್ ಎಲ್ಲಿ?’ ಎಂಬ ಪ್ರಶ್ನೆ ಮಂಡ್ಯದ ಹಳ್ಳಿಗಳಲ್ಲೂ ಮೈಸೂರಿನ ಹೊಸ ಬಡಾವಣೆಗಳಲ್ಲೂ ಸಾಮಾನ್ಯ.

ಇದಕ್ಕೆ ಕಾರಣಗಳು ಹಲವು. ಆಪ್ಟಿಕಲ್ ಫೈಬರ್ ಇನ್ನೂ ಬಂದಿಲ್ಲದಿರಬಹುದು, ಪರೀಕ್ಷೆ ಬಾಕಿ ಇರಬಹುದು. ಆದರೆ ಹೊರಗಿನವರಿಗೆ ಕಾಣದ ಕಾರಣ ಇನ್ನೊಂದಿದೆ: ಆ ಟವರ್ ಜಾಲದ ದಾಖಲೆಯಲ್ಲಿ ಇನ್ನೂ ಬರೆದಾಗಿಲ್ಲ, ಇಲ್ಲವೇ ತಪ್ಪಾಗಿ ಬರೆದಿದೆ. ಜಮೀನು ಕಣ್ಣೆದುರಿಗೇ ಇದ್ದರೂ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಟೆಲಿಕಾಂ ಜಾಲವೂ ಅಷ್ಟೇ ಖಡಕ್ಕು. ದಾಖಲೆಯಲ್ಲಿಲ್ಲದ ಯಂತ್ರ ಅದರ ಪಾಲಿಗೆ ಇಲ್ಲವೇ ಇಲ್ಲ. ಈ ದಾಖಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಬಹುಪಾಲು ಎಕ್ಸ್‌ಎಂಎಲ್ ಎಂಬ ಬರಹದ ರೂಪದಲ್ಲಿ.

‘ಎಲಿಮೆಂಟ್’ ಎಂಬ ಪದದ ಎರಡು ಅರ್ಥ

ಹೊಸಬರು ಮೊದಲು ಎಡವುವುದು ಇಲ್ಲಿ. ಟೆಲಿಕಾಂನವರು ‘ನೆಟ್‌ವರ್ಕ್ ಎಲಿಮೆಂಟ್’ ಎನ್ನುವುದು ಜಾಲದಲ್ಲಿ ಕೆಲಸ ಮಾಡುವ ಯಂತ್ರಕ್ಕೆ. ಟವರ್ ಬುಡದಲ್ಲಿರುವ ಬೇಸ್ ಸ್ಟೇಷನ್, ದಾರಿಯಲ್ಲಿನ ರೂಟರ್, ಯಾರು ಯಾವ ಟವರ್ ಕೆಳಗಿದ್ದಾರೆ ಎಂದು ಲೆಕ್ಕವಿಡುವ ಕೋರ್ ಯಂತ್ರ, ಎಲ್ಲವೂ ನೆಟ್‌ವರ್ಕ್ ಎಲಿಮೆಂಟ್‌ಗಳೇ. ಎಕ್ಸ್‌ಎಂಎಲ್ ಬರೆಯುವವರ ಬಾಯಲ್ಲಿ ‘ಎಲಿಮೆಂಟ್’ ಎಂದರೆ ಬೇರೆ: ಆರಂಭದ ಗುರುತು, ಮುಕ್ತಾಯದ ಗುರುತು, ನಡುವಿನ ವಿಷಯ, ಈ ಮೂರೂ ಸೇರಿದ ಒಂದು ತುಣುಕು. ಯಂತ್ರವನ್ನು ನಾವಿಲ್ಲಿ ‘ಘಟಕ’ ಎನ್ನೋಣ, ಬರಹದ ತುಣುಕನ್ನು ‘ಎಲಿಮೆಂಟ್’ ಎನ್ನೋಣ.

ಒಂದು ಘಟಕದೊಳಗೆ ಕಣ್ಣಿಗೆ ಕಾಣದ ಘಟಕಗಳೂ ಇರುತ್ತವೆ. ಸಾಮಾನ್ಯವಾಗಿ ಒಂದು ಟವರ್‌ಗೆ ಮೂರು ದಿಕ್ಕಿನ ಆಂಟೆನಾ ಇದ್ದು, ಒಂದೊಂದು ಸುಮಾರು 120 ಡಿಗ್ರಿ ವ್ಯಾಪ್ತಿಯನ್ನು ನೋಡಿಕೊಳ್ಳುತ್ತದೆ. ಆ ವ್ಯಾಪ್ತಿಯೇ ಸೆಕ್ಟರ್. ಅದರೊಳಗೆ ಒಂದೊಂದು ತರಂಗಾಂತರದಲ್ಲಿ ಕೊಡುವ ಸೇವೆಗೆ ಒಂದೊಂದು ಸೆಲ್. ಮೂರು ಸೆಕ್ಟರ್, ಎರಡು ತರಂಗಾಂತರ ಎಂದರೆ ಆರು ಸೆಲ್. ಸೆಲ್ ಅನ್ನು ಕೈಯಲ್ಲಿ ಮುಟ್ಟಲಾಗದು. ಆದರೂ ನಿಮ್ಮ ಫೋನ್ ಹಿಡಿದುಕೊಳ್ಳುವುದು ಟವರ್ ಅನ್ನಲ್ಲ, ಸೆಲ್ ಅನ್ನು.

ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್

‘ಹೊಸಹಳ್ಳಿ’ ಎಂದಷ್ಟೇ ಹೇಳಿದರೆ ಯಾವ ಹೊಸಹಳ್ಳಿ ಎಂದು ಕೇಳಬೇಕಾಗುತ್ತದೆ. ಪಹಣಿ ಈ ಗೊಂದಲವನ್ನು ಬಗೆಹರಿಸಿದ್ದು ಮೇಲಿನಿಂದ ಕೆಳಗೆ ಪೂರ್ತಿ ಸರಪಳಿ ಬರೆಯುವುದರಿಂದ: ಮಂಡ್ಯ ಜಿಲ್ಲೆ, ಮಂಡ್ಯ ತಾಲ್ಲೂಕು, ಕೊತ್ತತ್ತಿ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರ್, ಇಂಥ ಹಿಸ್ಸಾ. ಕೆಳಗಿನ ತುದಿಯಲ್ಲಿ ‘ಹಿಸ್ಸಾ 2’ ಸಾವಿರಾರು ಇದ್ದರೂ ಪೂರ್ತಿ ಸರಪಳಿ ಒಂದೇ ಒಂದು.

ಮೊಬೈಲ್ ಜಾಲದ ಹೆಸರಿಡುವ ಕ್ರಮವೂ ಇದೇ. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಶುರುವಾದದ್ದು 1998ರಲ್ಲಿ. ಅದರ ಕ್ರಮದಲ್ಲಿ ಎಲ್ಲಕ್ಕೂ ಮೇಲೆ ಉಪಜಾಲ, ಅದರೊಳಗೆ ನಿರ್ವಹಣೆಗೆ ಒಳಪಟ್ಟ ಘಟಕ, ಅದರೊಳಗೆ ಬೇಸ್ ಸ್ಟೇಷನ್ನಿನ ಕಾರ್ಯಭಾಗ, ಅದರೊಳಗೆ ಸೆಲ್, ಸೆಲ್‌ನ ಒಳಗೆ ಅದು ಕರೆ ದಾಟಿಸಬಹುದಾದ ನೆರೆಹೊರೆಯ ಸೆಲ್‌ಗಳ ಪಟ್ಟಿ. ಮೇಲಿನಿಂದ ಕೆಳಗೆ ಅಲ್ಪವಿರಾಮ ಹಾಕಿ ಬರೆದ ಈ ಸರಪಳಿಗೆ ‘ಡಿಸ್ಟಿಂಗ್ವಿಶ್ಡ್ ನೇಮ್’ ಎನ್ನುತ್ತಾರೆ, ಆಡುಮಾತಿನಲ್ಲಿ ಬರೀ ‘ಡಿಎನ್’. ‘ಸೆಲ್ 1’ ಪ್ರತಿ ಟವರ್‌ನಲ್ಲೂ ಇದೆ, ಡಿಎನ್ ಮಾತ್ರ ಇಡೀ ಜಾಲದಲ್ಲಿ ಒಂದೇ.

ಸರಪಳಿಯಲ್ಲಿ ಬರೆಯಬೇಕಾದ್ದು ಗುರುತು ಸಂಖ್ಯೆಯನ್ನು, ಊರಿನ ಹೆಸರನ್ನಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಮೈಸೋರ್’ ಅಧಿಕೃತವಾಗಿ ‘ಮೈಸೂರು’ ಆಯಿತು. ಡಿಎನ್‌ನಲ್ಲಿ ಊರಿನ ಹೆಸರನ್ನೇ ಗುರುತಾಗಿ ಇಟ್ಟಿದ್ದರೆ, ಆ ಹೆಸರನ್ನು ತಿದ್ದಿದ ದಿನ ಅದನ್ನು ತೋರಿಸುತ್ತಿದ್ದ ಪ್ರತಿಯೊಂದು ಉಲ್ಲೇಖವೂ ದಿಕ್ಕು ತಪ್ಪುತ್ತದೆ. ಈ ವ್ಯವಸ್ಥೆಯಲ್ಲಿ ಗುರುತು ಬದಲಿಸುವುದೆಂದರೆ ಹಳೆಯ ಘಟಕವನ್ನು ಅಳಿಸಿ ಹೊಸದನ್ನು ಹುಟ್ಟಿಸಿದ ಹಾಗೆ. ಹೆಸರನ್ನು ಬೇರೆ ಖಾನೆಯಲ್ಲಿಟ್ಟರೆ ಎಷ್ಟು ಸಲ ಬೇಕಾದರೂ ತಿದ್ದಬಹುದು.

ಹೆಸರು ಅಂಟಿಸಿದ ಡಬ್ಬಿಗಳು

‘5012, 120, 3105, 0’ ಎಂದು ಒಂದು ಸಾಲು ಬರೆದು ಕೊಟ್ಟರೆ ಯಾವುದು ಏನೆಂದು ಯಾರಿಗೂ ಗೊತ್ತಾಗುವುದಿಲ್ಲ. ನಡುವೆ ಒಂದು ಅಂಕಿ ಬಿಟ್ಟುಹೋದರೆ ಉಳಿದವೆಲ್ಲ ಒಂದೊಂದು ಮನೆ ಸರಿಯುತ್ತವೆ. ಎಕ್ಸ್‌ಎಂಎಲ್ ಮಾಡುವುದು ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. ಪ್ರತಿ ಬೆಲೆಯೂ, ಅಂದರೆ ಒಳಗಿನ ಅಂಕಿ ಅಥವಾ ಪದವೂ, ತನ್ನ ಹೆಸರನ್ನು ಹೊತ್ತುಕೊಂಡೇ ಹೋಗುತ್ತದೆ, ದೊಡ್ಡ ಡಬ್ಬಿಯೊಳಗೆ ಚಿಕ್ಕ ಡಬ್ಬಿಯನ್ನೂ ಇಡಬಹುದು. ವರ್ಲ್ಡ್ ವೈಡ್ ವೆಬ್ ಒಕ್ಕೂಟ ಇದನ್ನು 1998ರ ಫೆಬ್ರುವರಿ 10ರಂದು ಶಿಫಾರಸಾಗಿ ಹೊರತಂದಿತು. ಒಂದು ಕಂಪನಿಯ ಜಾಲದಲ್ಲಿ ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್, ತೇಜಸ್ ಹೀಗೆ ಬೇರೆ ಬೇರೆ ತಯಾರಕರ ಪೆಟ್ಟಿಗೆಗಳಿರಬಹುದು. ಎಲ್ಲರ ಸಾಫ್ಟ್‌ವೇರೂ ಓದಬಲ್ಲ, ಬೇಕಾದರೆ ಮನುಷ್ಯನೂ ಓದಬಲ್ಲ ಒಂದು ಬರಹ ಬೇಕಿತ್ತು. ಎಕ್ಸ್‌ಎಂಎಲ್ ಟೆಲಿಕಾಂಗೆ ಒಗ್ಗಿದ್ದು ಅದಕ್ಕೇ.

ಒಂದು ಮಾದರಿ ಇಲ್ಲಿದೆ. ಸಂಖ್ಯೆಗಳು ತೋರಿಸುವುದಕ್ಕಾಗಿ ಹಾಕಿದವು, ಯಾವ ಕಂಪನಿಯ ನಿಜವಾದ ಟವರ್‌ನವೂ ಅಲ್ಲ.

```
<ಜಾಲ ಗುರುತು="7">
  <ಟವರ್ ಗುರುತು="5012">
    <ಹೆಸರು>ಬನ್ನಿಮಂಟಪ ಮೈದಾನ</ಹೆಸರು>
    <ಅಕ್ಷಾಂಶ>12.33610</ಅಕ್ಷಾಂಶ>
    <ರೇಖಾಂಶ>76.65120</ರೇಖಾಂಶ>
    <ಸೆಲ್ ಗುರುತು="1">
      <ಪಿಸಿಐ>120</ಪಿಸಿಐ>
      <ಟಿಎಸಿ>3105</ಟಿಎಸಿ>
      <ದಿಕ್ಕು>0</ದಿಕ್ಕು>
    </ಸೆಲ್>
    <ಸೆಲ್ ಗುರುತು="2">
      <ಪಿಸಿಐ>121</ಪಿಸಿಐ>
      <ಟಿಎಸಿ>3105</ಟಿಎಸಿ>
      <ದಿಕ್ಕು>120</ದಿಕ್ಕು>
    </ಸೆಲ್>
  </ಟವರ್>
</ಜಾಲ>
```

ಕೊಕ್ಕೆ ಆವರಣದೊಳಗಿನ ಹೆಸರು ಟ್ಯಾಗ್. ಓರೆಗೆರೆ ಇದ್ದರೆ ಮುಕ್ತಾಯದ ಟ್ಯಾಗ್. ಆರಂಭದ ಟ್ಯಾಗ್‌ನೊಳಗೇ ಉದ್ಧರಣ ಚಿಹ್ನೆಯಲ್ಲಿ ಬರೆದ ‘ಗುರುತು’ ಒಂದು ಆಟ್ರಿಬ್ಯೂಟ್. ಒಂದರೊಳಗೊಂದು ಇಟ್ಟಿರುವ ರೀತಿಯೇ ಡಿಎನ್ ಸರಪಳಿ: ಜಾಲ 7, ಟವರ್ 5012, ಸೆಲ್ 2. ವಿಳಾಸವನ್ನು ಬೇರೆಯಾಗಿ ಬರೆಯಬೇಕಿಲ್ಲ, ಡಬ್ಬಿ ಎಲ್ಲಿದೆ ಎಂಬುದೇ ವಿಳಾಸ.

ಟ್ಯಾಗ್‌ಗಳು ಕನ್ನಡದಲ್ಲಿರುವುದು ಓದುಗರ ಅನುಕೂಲಕ್ಕೆ ಮಾತ್ರವಲ್ಲ. ಎಕ್ಸ್‌ಎಂಎಲ್ ನಿಯಮ ಕನ್ನಡ ಅಕ್ಷರಗಳ ಹೆಸರನ್ನು ಒಪ್ಪುತ್ತದೆ, ಮೇಲಿನ ಬರಹ ವ್ಯಾಕರಣದ ಪ್ರಕಾರ ಪೂರ್ತಿ ಸರಿ. ಆದರೂ ಇದನ್ನು ನಿಜವಾದ ಟವರ್‌ಗೆ ಕಳಿಸಿದರೆ ವಾಪಸ್ ಬರುತ್ತದೆ. ಏಕೆಂದು ತಿಳಿಯಲು ಫೈಲ್ ದಾಟಬೇಕಾದ ಜರಡಿಗಳನ್ನು ನೋಡಬೇಕು. ಅದಕ್ಕೂ ಮೊದಲು ಆ ಸಂಖ್ಯೆಗಳು ಏನೆಂದು ನೋಡೋಣ.

ಒಳಗಿನ ಸಂಖ್ಯೆಗಳು ಹೇಳುವುದೇನು

ಟವರ್ ಗುರುತು: 4ಜಿಯ ಸಾಮಾನ್ಯ ಬೇಸ್ ಸ್ಟೇಷನ್ನಿಗೆ 20 ಬಿಟ್‌ನ ಸಂಖ್ಯೆ, ಅಂದರೆ 0ಯಿಂದ 10,48,575ರವರೆಗೆ. ಸೆಲ್‌ಗೆ 8 ಬಿಟ್, 0ಯಿಂದ 255. ಎರಡನ್ನೂ ಪಕ್ಕದಲ್ಲಿ ಇಟ್ಟಾಗ 28 ಬಿಟ್‌ನ ಒಂದೇ ಸಂಖ್ಯೆ ಆಗುತ್ತದೆ. ಲೆಕ್ಕ ಸುಲಭ: ಟವರ್ ಗುರುತನ್ನು 256ರಿಂದ ಗುಣಿಸಿ ಸೆಲ್ ಗುರುತನ್ನು ಕೂಡಿಸಬೇಕು. ನಮ್ಮ ಮಾದರಿಯಲ್ಲಿ 5012 × 256 + 1 = 12,83,073. ಸಿಗ್ನಲ್ ತೋರಿಸುವ ಆ್ಯಪ್‌ಗಳಲ್ಲಿ ಸೆಲ್ ಐಡಿ ಎಂದು ಕಾಣುವ ಉದ್ದನೆಯ ಅಂಕಿ ಇದೇ. ಅದನ್ನು 256ರಿಂದ ಭಾಗಿಸಿ: ಭಾಗಲಬ್ಧ ಟವರ್, ಶೇಷ ಸೆಲ್. ಮನೆಯ ಅಂಗಳದಲ್ಲಿ ಒಂದು, ಹಿತ್ತಲಲ್ಲಿ ಒಂದು ಶೇಷ ಬಂದರೆ ನಿಮ್ಮ ಮನೆ ಎರಡು ಸೆಕ್ಟರ್‌ಗಳ ಗಡಿಯಲ್ಲಿದೆ ಎಂದು ಊಹಿಸಬಹುದು.

ಪಿಸಿಐ ಎಂಬುದು ಸೆಲ್ ಗಾಳಿಯಲ್ಲಿ ಕೂಗಿ ಹೇಳುವ ಅಡ್ಡಹೆಸರು. 4ಜಿಯಲ್ಲಿ ಇಂಥವು 504 ಮಾತ್ರ, 0ಯಿಂದ 503, 5ಜಿಯಲ್ಲಿ 1008. ಸೆಲ್‌ಗಳು ಇದಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಅಡ್ಡಹೆಸರುಗಳನ್ನು ದೂರದೂರದಲ್ಲಿ ಮರುಬಳಸಲೇಬೇಕು. ಹತ್ತಿರದಲ್ಲಿ ಬಳಸಿದರೆ ಎರಡು ಬಗೆಯ ತೊಂದರೆ. ಅಕ್ಕಪಕ್ಕದ ಎರಡು ಸೆಲ್‌ಗಳಿಗೆ ಒಂದೇ ಪಿಸಿಐ ಇದ್ದರೆ ಫೋನ್‌ಗೆ ಅವೆರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಅವು ಒಂದಕ್ಕೊಂದು ದೂರವಿದ್ದರೂ ನಡುವಿನ ಮೂರನೇ ಸೆಲ್‌ಗೆ ಎರಡೂ ನೆರೆಯವಾದರೆ ಇನ್ನೊಂದು ಪೇಚು: ಒಂದೇ ಬೀದಿಯಲ್ಲಿ ಇಬ್ಬರು ನಂಜುಂಡರಿದ್ದಾಗ ‘ನಂಜುಂಡನ ಮನೆಗೆ ಹೋಗು’ ಎಂದ ಹಾಗೆ, ಕರೆಯನ್ನು ಯಾರ ಕೈಗೆ ಒಪ್ಪಿಸಬೇಕೆಂದು ಆ ಮೂರನೇ ಸೆಲ್‌ಗೆ ತಿಳಿಯುವುದಿಲ್ಲ. ಮಾದರಿಯಲ್ಲಿ 120, 121 ಎಂದು ಸಾಲಾಗಿ ಕೊಟ್ಟಿರುವುದಕ್ಕೂ ಕಾರಣವಿದೆ. ಫೋನ್ ಸೆಲ್ ಜೊತೆ ಸಮಯ ಹೊಂದಿಸಿಕೊಳ್ಳಲು ಬಳಸುವ 4ಜಿಯ ಮೊದಲ ಹೊಂದಾಣಿಕೆ ಸಂಕೇತದಲ್ಲಿ ಇರುವುದು ಮೂರೇ ಬಗೆ, ಯಾವ ಬಗೆ ಎಂಬುದನ್ನು ಪಿಸಿಐಯನ್ನು 3ರಿಂದ ಭಾಗಿಸಿದ ಶೇಷ ನಿರ್ಧರಿಸುತ್ತದೆ. ಒಂದೇ ಟವರ್‌ನ ಮೂರು ಸೆಕ್ಟರ್‌ಗಳಿಗೆ ಮೂರು ಬೇರೆ ಶೇಷ ಬರುವಂತೆ ಹಂಚುವುದು ವಾಡಿಕೆ.

ಟಿಎಸಿ ಎಂದರೆ ಟ್ರ್ಯಾಕಿಂಗ್ ಏರಿಯಾ ಕೋಡ್, 4ಜಿಯಲ್ಲಿ 16 ಬಿಟ್, 5ಜಿಯಲ್ಲಿ 24. ಸುಮ್ಮನಿರುವ ಫೋನ್ ಯಾವ ಸೆಲ್‌ನಲ್ಲಿದೆ ಎಂದು ಜಾಲಕ್ಕೆ ಖಚಿತವಾಗಿ ಗೊತ್ತಿರುವುದಿಲ್ಲ, ಯಾವ ಪ್ರದೇಶದಲ್ಲಿದೆ ಎಂದಷ್ಟೇ ಗೊತ್ತು. ಕರೆ ಬಂದಾಗ ಆ ಪ್ರದೇಶದ ಸೆಲ್‌ಗಳಲ್ಲೆಲ್ಲ ಕೂಗುತ್ತದೆ. ಈ ಕೋಡ್ ಕೋರ್‌ನಲ್ಲಿ ದಾಖಲಾಗದೆ ಟವರ್‌ನಲ್ಲಿ ಮಾತ್ರ ಇದ್ದರೆ, ಕಡ್ಡಿಗಳು ಪೂರ್ತಿ ಕಾಣಿಸಿದರೂ ನೋಂದಣಿ ಆಗದಿರುವ ಸಂಭವವಿದೆ. ‘ಸಿಗ್ನಲ್ ಫುಲ್ ಇದೆ, ಏನೂ ಹೋಗ್ತಿಲ್ಲ’ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇಂಥದ್ದೊಂದು ಅಂಕಿ ಅಡಗಿರುತ್ತದೆ.

ಕಂಪನಿಯ ಗುರುತಿಗೆ ದೇಶದ ಕೋಡ್ ಮತ್ತು ಜಾಲದ ಕೋಡ್ ಸೇರುತ್ತವೆ. ಭಾರತಕ್ಕೆ 404 ಮತ್ತು 405. ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್‌ನದು 404-71, ಏರ್‌ಟೆಲ್‌ನದು 404-45. ಇದು ಅಂಕಿಯಂತೆ ಕಂಡರೂ ಅಂಕಿಯಲ್ಲ, ಅಕ್ಷರಗಳ ಸಾಲು. ಬೇರೆ ಟೆಲಿಕಾಂ ವೃತ್ತಗಳಲ್ಲಿ, ಅಂದರೆ ಬೇರೆ ಸೇವಾ ಪ್ರದೇಶಗಳಲ್ಲಿ, ಸೊನ್ನೆಯಿಂದ ಶುರುವಾಗುವ ಕೋಡ್‌ಗಳಿವೆ. ಎಕ್ಸೆಲ್‌ನಲ್ಲಿ 02 ಎಂದು ಹೊಡೆದರೆ ಅದು ತಾನಾಗಿ 2 ಮಾಡಿಬಿಡುತ್ತದೆ, ಅಲ್ಲಿಂದ ಎಕ್ಸ್‌ಎಂಎಲ್‌ಗೆ ಸುರಿದಾಗ ಕಂಪನಿಯ ಗುರುತೇ ಕೆಡುತ್ತದೆ. ಸರ್ವೆ ನಂಬರ್ 12/3 ಎಂದು ಎಕ್ಸೆಲ್‌ನಲ್ಲಿ ಹೊಡೆದು, ಅದು ತಾರೀಖಾಗಿ ಕುಳಿತದ್ದನ್ನು ಕಂಡವರಿಗೆ ಈ ಕಾಟ ಹೊಸದಲ್ಲ. ಪರಿಹಾರ ಒಂದೇ: ಅಂಕಿ ಹೊಡೆಯುವುದಕ್ಕೆ ಮೊದಲು ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ನಿಗದಿ ಮಾಡುವುದು.

ನಾಲ್ಕು ಜರಡಿ

ಮೊದಲ ಜರಡಿ ವ್ಯಾಕರಣದ್ದು. ಇಡೀ ಫೈಲ್ ಒಂದೇ ದೊಡ್ಡ ಡಬ್ಬಿಯೊಳಗಿರಬೇಕು. ತೆರೆದ ಟ್ಯಾಗ್ ಮುಚ್ಚಬೇಕು, ಕೊನೆಗೆ ತೆರೆದದ್ದು ಮೊದಲು ಮುಚ್ಚಬೇಕು. ಆಟ್ರಿಬ್ಯೂಟ್ ಬೆಲೆ ಉದ್ಧರಣ ಚಿಹ್ನೆಯೊಳಗೇ ಇರಬೇಕು. ಇಂಗ್ಲಿಷ್ ಟ್ಯಾಗ್ ಆದರೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಇಲ್ಲಿ ಹೆಚ್ಚು ಕೈಕೊಡುವುದು & ಚಿಹ್ನೆ. ಜಾಗದ ಹೆಸರು ಬರೆಯುವಾಗ ‘ರಾಮು & ಸನ್ಸ್ ಎದುರು’ ಎಂದು ಹೊಡೆದರೆ ಇಡೀ ಫೈಲ್ ಅಲ್ಲೇ ಬೀಳುತ್ತದೆ, ಏಕೆಂದರೆ ಎಕ್ಸ್‌ಎಂಎಲ್‌ನಲ್ಲಿ & ಎಂದರೆ ‘ಮುಂದೆ ಸಂಕೇತ ಬರುತ್ತಿದೆ’ ಎಂಬ ಸೂಚನೆ. ಅದರ ಜಾಗದಲ್ಲಿ & ಚಿಹ್ನೆ, ಇಂಗ್ಲಿಷಿನ ಸಣ್ಣಕ್ಷರದ ಎ, ಎಂ, ಪಿ ಮತ್ತು ಅರ್ಧವಿರಾಮ, ಈ ಐದನ್ನೂ ಸೇರಿಸಿ ಬರೆಯಬೇಕು. ‘ಇದಕ್ಕಿಂತ ಕಡಿಮೆ’ ಎಂಬ < ಚಿಹ್ನೆಗೂ ಹೀಗೇ ಬದಲಿ ಸಂಕೇತವಿದೆ. ವ್ಯಾಕರಣದ ತಪ್ಪಿಗೆ ಎಕ್ಸ್‌ಎಂಎಲ್‌ನಲ್ಲಿ ರಿಯಾಯಿತಿ ಇಲ್ಲ. ವೆಬ್ ಪುಟದಂತೆ ‘ಹೇಗೋ ಸರಿಮಾಡಿಕೊಂಡು ಓದು’ ಎಂಬುದು ನಡೆಯುವುದಿಲ್ಲ. ಟವರ್ ನಡೆಸುವ ಫೈಲ್‌ಗೆ ಆ ಕಟ್ಟುನಿಟ್ಟೇ ಒಳ್ಳೆಯದು.

ಎರಡನೆಯದು ಸ್ಕೀಮಾ, ಅಂದರೆ ಫಾರಂನ ಕಾಲಂಗಳು. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರೇ ಬರಬೇಕು. 40 ಗುಂಟೆಗೆ ಒಂದು ಎಕರೆ ಆದ್ದರಿಂದ ಗುಂಟೆಯ ಜಾಗದಲ್ಲಿ 45 ಎಂದು ಬರೆಯುವ ಹಾಗಿಲ್ಲ. ಸ್ಕೀಮಾ ಫೈಲ್ ಇದನ್ನೇ ಹೇಳುತ್ತದೆ: ಯಾವ ಟ್ಯಾಗ್ ಇರಬಹುದು, ಯಾವುದರೊಳಗೆ, ಎಷ್ಟು ಸಲ, ಬೆಲೆ ಎಷ್ಟರಿಂದ ಎಷ್ಟರವರೆಗೆ. 4ಜಿ ಸೆಲ್‌ಗೆ ಪಿಸಿಐ 504 ಎಂದರೆ ಇಲ್ಲೇ ತಡೆ. ನಮ್ಮ ಕನ್ನಡ ಮಾದರಿ ನಿಲ್ಲುವುದೂ ಇಲ್ಲೇ. ವ್ಯಾಕರಣ ಸರಿ, ಆದರೆ 3ಜಿಪಿಪಿ ಸ್ಕೀಮಾದಲ್ಲಿ ‘ಟವರ್’ ಎಂಬ ಕಾಲಂ ಇಲ್ಲ, ಅದರದ್ದೇ ಇಂಗ್ಲಿಷ್ ಹೆಸರುಗಳಿವೆ.

ತಯಾರಕರ ಸ್ವಂತ ವಿಷಯಗಳಿಗೆ ಆ ಸ್ಕೀಮಾ ಒಂದು ಪಾತ್ರೆಯನ್ನು ಬಿಟ್ಟುಕೊಟ್ಟಿದೆ. ಪಹಣಿಯ ಷರಾ ಇದ್ದ ಹಾಗೆ. ಆಂಟೆನಾ ಎಷ್ಟು ಡಿಗ್ರಿ ಬಾಗಬೇಕು, ಎಷ್ಟು ಶಕ್ತಿಗೆ ಇಳಿಯಬೇಕು, ಯಾವಾಗ ಪಕ್ಕದ ಸೆಲ್‌ಗೆ ದಾಟಿಸಬೇಕು ಎಂಬಂಥ ಸೂಕ್ಷ್ಮಗಳು ಬಹಳಷ್ಟು ಅದರೊಳಗೇ ಹೋಗುತ್ತವೆ. ಎರಿಕ್ಸನ್‌ನ ಫೈಲ್‌ಗಳು ಈ ಪಾತ್ರೆಯನ್ನು ತುಂಬಿಕೊಂಡೇ ಬರುತ್ತವೆ, ನೋಕಿಯಾ ರಾಮ್ಲ್ ಎಂಬ ತನ್ನದೇ ಎಕ್ಸ್‌ಎಂಎಲ್ ರೂಪವನ್ನು ಬಳಸುತ್ತದೆ. ಮಾನದಂಡ ಇದೆ ಎಂದಾಕ್ಷಣ ಒಬ್ಬರ ಫೈಲ್ ಇನ್ನೊಬ್ಬರ ಯಂತ್ರಕ್ಕೆ ಹೊಂದುತ್ತದೆ ಎಂದುಕೊಳ್ಳಬಾರದು. ಅಸಲು ವಿಷಯ ಷರಾದಲ್ಲಿದೆ.

ಮೂರನೆಯದು ಒಳಗಿನ ಹೊಂದಾಣಿಕೆ. ನೆರೆಹೊರೆಯ ಪಟ್ಟಿಯಲ್ಲಿ ಹೇಳಿದ ಡಿಎನ್ ನಿಜಕ್ಕೂ ಇದೆಯೇ? ಒಂದೇ ಗುರುತು ಎರಡು ಟವರ್‌ಗೆ ಬಿದ್ದಿದೆಯೇ? ಒಂದು ಫೈಲ್‌ನ ಒಳಗಿನದನ್ನು ಸ್ಕೀಮಾ ಅಷ್ಟಿಷ್ಟು ಹಿಡಿಯಬಲ್ಲದು, ಮಂಡ್ಯದ ಫೈಲ್‌ನಲ್ಲಿ ಮೈಸೂರಿನ ಫೈಲ್‌ನ ಸೆಲ್ ಹೆಸರಿಸಿದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಬೇರೆ ಪರಿಶೀಲನಾ ಪ್ರೋಗ್ರಾಂ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವಾಗ ಒಂದೇ ಜಾಗದಲ್ಲಿ ಕರೆ ಕಡಿಯುತ್ತದೆ, ಬರುವಾಗ ಕಡಿಯುವುದಿಲ್ಲ ಎಂದಾದರೆ ಸಂಶಯಪಡಬೇಕಾದ್ದರಲ್ಲಿ ಇದೂ ಒಂದು: ‘ಅ’ ಸೆಲ್‌ನ ಪಟ್ಟಿಯಲ್ಲಿ ‘ಆ’ ಇಲ್ಲ, ‘ಆ’ದ ಪಟ್ಟಿಯಲ್ಲಿ ‘ಅ’ ಇದೆ. ನೆರೆಹೊರೆಯನ್ನು ತಾನಾಗಿ ಕಂಡುಕೊಳ್ಳುವ ವ್ಯವಸ್ಥೆ 4ಜಿಯಲ್ಲಿದೆ. ಆದರೆ ಫೋನ್ ಹೇಳುವುದು ಪಿಸಿಐ ಮೂಲಕವಾದ್ದರಿಂದ ಪಿಸಿಐ ಹಂಚಿಕೆಯೇ ಕೆಟ್ಟಿದ್ದರೆ ಅದೂ ದಾರಿ ತಪ್ಪುತ್ತದೆ.

ನಾಲ್ಕನೆಯ ಜರಡಿಗೆ ಸಾಫ್ಟ್‌ವೇರ್ ಸಾಲದು. ಅದು ನೆಲದ ನಿಜ. ಮೈಸೂರಿನ ಟವರ್‌ಗೆ ಅಕ್ಷಾಂಶ 12.30, ರೇಖಾಂಶ 76.65 ಎಂದು ಬರೆಯುವ ಬದಲು ಅದಲು ಬದಲಾಯಿತು ಎನ್ನಿ. ವ್ಯಾಕರಣ ಸರಿ. ಅಕ್ಷಾಂಶ 90ರೊಳಗೆ, ರೇಖಾಂಶ 180ರೊಳಗೆ ಇರುವುದರಿಂದ ಸ್ಕೀಮಾವೂ ಒಪ್ಪುತ್ತದೆ. ಟವರ್ ಮಾತ್ರ ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ದೂರ ನೋಡಿ ನೆರೆಹೊರೆ ಹುಡುಕುವ ಪ್ರೋಗ್ರಾಂಗೆ ಆ ಟವರ್‌ನ ಸುತ್ತ ಯಾರೂ ಸಿಗುವುದಿಲ್ಲ. ದಶಾಂಶ ಸ್ಥಾನ ಕಡಿಮೆಯಾದರೂ ಕಷ್ಟವೇ: ಅಕ್ಷಾಂಶದಲ್ಲಿ 0.01 ಡಿಗ್ರಿ ಎಂದರೆ ಸುಮಾರು 1.1 ಕಿಲೋಮೀಟರ್, ಐದು ದಶಾಂಶ ಸ್ಥಾನ ಕೊಟ್ಟರೆ ಒಂದು ಮೀಟರ್ ಆಸುಪಾಸು. ‘ಅಕ್ಷಾಂಶ 11ರಿಂದ 19ರೊಳಗೆ, ರೇಖಾಂಶ 74ರಿಂದ 79ರೊಳಗೆ’ ಎಂದು ಕರ್ನಾಟಕಕ್ಕೊಂದು ಬೇಲಿ ಹಾಕಿದರೆ ಅದಲು ಬದಲು ಸಿಕ್ಕಿಬೀಳುತ್ತದೆ. ಆದರೆ ಟವರ್ ಮೇಲೆ ಒಂದನೇ ಸೆಕ್ಟರ್‌ನ ಕೇಬಲ್ ಅನ್ನು ಎರಡನೇ ಆಂಟೆನಾಕ್ಕೆ ಚುಚ್ಚಿದ್ದರೆ ಯಾವ ಬೇಲಿಯೂ ಹಿಡಿಯದು. ಫೈಲ್ ಪ್ರಕಾರ ಸೆಲ್ 1 ಉತ್ತರಕ್ಕೆ (ದಿಕ್ಕು 0) ನೋಡುತ್ತಿರುತ್ತದೆ, ನೆಲದಲ್ಲಿ ಆಗ್ನೇಯಕ್ಕೆ. ಗಾಡಿಯಲ್ಲಿ ಟವರ್ ಸುತ್ತ ಒಂದು ಸುತ್ತು ಹಾಕಿ, ಯಾವ ದಿಕ್ಕಿನಲ್ಲಿ ಯಾವ ಪಿಸಿಐ ಸಿಗುತ್ತಿದೆ ಎಂದು ಅಳೆದಾಗಲೇ ಅದು ಗೊತ್ತಾಗುವುದು.

ಸೇರಿಸು, ತಿದ್ದು, ಅಳಿಸು

ಫೈಲ್ ಬರೀ ಪಟ್ಟಿಯಲ್ಲ, ಆದೇಶ ಕೂಡ. ದಸರೆಯ ಜಂಬೂ ಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ಸಾಗುತ್ತದೆ. ಸಯ್ಯಾಜಿರಾವ್ ರಸ್ತೆಯಂಥ ಕಡೆ ಕೆಲವು ಗಂಟೆಗಳ ಮಟ್ಟಿಗೆ ಸೇರುವ ಜನಕ್ಕೆ ಮಾಮೂಲಿ ಸೆಲ್‌ಗಳು ಸಾಲದಾದಾಗ, ಗಾಡಿ ಮೇಲಿನ ತಾತ್ಕಾಲಿಕ ಟವರ್ ನಿಲ್ಲಿಸುವ ಕ್ರಮ ಮೊಬೈಲ್ ಜಾಲಗಳಲ್ಲಿದೆ. ಅಂಥ ಗಾಡಿ ಬರುವ ಮುನ್ನ ‘ಸೇರಿಸು’ ಫೈಲ್, ನೆರೆಯ ಸೆಲ್‌ಗಳ ಪಟ್ಟಿಗೆ ‘ತಿದ್ದು’ ಫೈಲ್, ಹಬ್ಬ ಮುಗಿದ ಮೇಲೆ ‘ಅಳಿಸು’ ಫೈಲ್. ಅಳಿಸುವುದನ್ನು ಮರೆತರೆ ಇಲ್ಲದ ಸೆಲ್‌ಗೆ ಕರೆ ದಾಟಿಸುವ ಪ್ರಯತ್ನ ದಾಖಲೆಯಲ್ಲಿ ಉಳಿದುಬಿಡುತ್ತದೆ. ಕ್ರಮವೂ ಮುಖ್ಯ: ಸೇರಿಸುವಾಗ ಮೇಲಿನಿಂದ ಕೆಳಗೆ, ಅಳಿಸುವಾಗ ಕೆಳಗಿನಿಂದ ಮೇಲಕ್ಕೆ. ಟವರ್ ಇಲ್ಲದೆ ಸೆಲ್ ಹುಟ್ಟದು.

3ಜಿಪಿಪಿಯ ಒಟ್ಟು ಸಂರಚನೆ ಫೈಲ್‌ನಲ್ಲಿ ಮೂರು ಭಾಗ: ಯಾರು ಕಳಿಸಿದರು, ಯಾವ ಆವೃತ್ತಿ ಎಂಬ ತಲೆಬರಹ, ವಿಷಯ, ತಾರೀಖು–ಸಮಯದ ಅಡಿಬರಹ. ಕಳಿಸಿದೊಡನೆ ಜಾರಿಯಾಗುವುದಿಲ್ಲ. ಮೊದಲು ರವಾನೆ, ಆಮೇಲೆ ತಪಾಸಣೆ, ಆಮೇಲೆ ಜಾರಿಗೆ ಸಿದ್ಧತೆ, ಕೊನೆಗೆ ಜಾರಿ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಹಂತ. ಇಲ್ಲೊಂದು ತಮಾಷೆ ಇದೆ. ನಿರ್ವಹಣಾ ಕೇಂದ್ರದಿಂದ ಜಾಲಕ್ಕೆ ಹೋಗುವುದು ಇವರ ಭಾಷೆಯಲ್ಲಿ ಡೌನ್‌ಲೋಡ್, ಜಾಲದಿಂದ ಕೇಂದ್ರಕ್ಕೆ ಬರುವುದು ಅಪ್‌ಲೋಡ್. ಕಂಪ್ಯೂಟರ್ ಮುಂದೆ ಕುಳಿತವರ ಅಭ್ಯಾಸಕ್ಕೆ ಪೂರ್ತಿ ಉಲ್ಟಾ.

ಹೊಸ ಜಾಲಗಳಲ್ಲಿ ಫೈಲ್ ಇಟ್ಟು ಬರುವ ಬದಲು ಯಂತ್ರದ ಜೊತೆ ನೇರ ಮಾತಾಡುವ ನೆಟ್‌ಕಾನ್ಫ್ ಎಂಬ ವಿಧಾನ ಬಳಕೆಯಲ್ಲಿದೆ. ಅದರ ಮೊದಲ ರೂಪ 2006ರದ್ದು, ಈಗಿನದು 2011ರದ್ದು. ಮಾತು ಎಕ್ಸ್‌ಎಂಎಲ್‌ನಲ್ಲೇ, ಸ್ಕೀಮಾದ ಜಾಗದಲ್ಲಿ ಯಾಂಗ್ ಎಂಬ ಭಾಷೆ. ಇದರಲ್ಲಿ ‘ಬೆರೆಸು’ ಮತ್ತು ‘ಬದಲಿಸು’ ಎಂಬ ಎರಡು ಆದೇಶಗಳ ವ್ಯತ್ಯಾಸ ತಿಳಿಯದೆ ಕೈಹಾಕಬಾರದು. ಸೆಲ್‌ಗೆ 20 ನೆರೆಹೊರೆ ಇವೆ, ನೀವು ಒಂದನ್ನು ಹೊಸದಾಗಿ ಬರೆದು ಕಳಿಸುತ್ತೀರಿ. ಬೆರೆಸು ಎಂದರೆ 21 ಆಗುತ್ತದೆ. ಇಡೀ ಪಟ್ಟಿಯ ಮೇಲೆ ಬದಲಿಸು ಎಂದರೆ ಉಳಿಯುವುದು 1. ಏನೂ ಹೇಳದಿದ್ದರೆ ಬೆರೆಸು ಎಂದೇ ಅರ್ಥ. ದೂರದ ಟವರ್‌ನ ಸಂಪರ್ಕವೇ ಕಡಿದುಹೋಗಬಹುದಾದ ಬದಲಾವಣೆಗೆ ಇನ್ನೊಂದು ರಕ್ಷೆ ಇದೆ: ಜಾರಿ ಮಾಡಿದ ಮೇಲೆ, ಬೇರೆ ಗಡುವು ಕೊಡದಿದ್ದರೆ 600 ಸೆಕೆಂಡಿನೊಳಗೆ, ‘ಖಚಿತ’ ಎಂದು ಮತ್ತೆ ಹೇಳದಿದ್ದರೆ ಯಂತ್ರ ತಾನಾಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಈ ಸೌಲಭ್ಯ ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ, ಮೊದಲೇ ಕೇಳಿ ತಿಳಿದುಕೊಂಡಿರಬೇಕು.

ಕನ್ನಡದಲ್ಲಿ ಹೆಸರು ಬರೆಯುವವರಿಗೆ

ಹೆಸರಿನ ಖಾನೆಯಲ್ಲಿ ಕನ್ನಡ ಬಳಸಲು ಅಡ್ಡಿಯಿಲ್ಲ, ಫೈಲ್ ಅನ್ನು ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಉಳಿಸಿ ಮೊದಲ ಸಾಲಿನಲ್ಲಿ ಹಾಗೆಂದು ಘೋಷಿಸಿದ್ದರೆ ಸಾಕು. ಆದರೆ ಅಳತೆ ಬೇರೆ. ‘ಶ್ರೀರಂಗಪಟ್ಟಣ’ ಕಣ್ಣಿಗೆ ಆರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತ ಸೇರಿ 12. ಪ್ರತಿಯೊಂದಕ್ಕೂ 3 ಬೈಟ್ ಆದ್ದರಿಂದ 36 ಬೈಟ್. ಅದೇ ಇಂಗ್ಲಿಷಿನಲ್ಲಿ 13. ಹಳೆಯ ಯಂತ್ರ 32 ಬೈಟ್‌ಗೆ ಕತ್ತರಿಸಿದರೆ ಕೊನೆಯ ‘ಣ’ ಹೋಗುವುದಷ್ಟೇ ಅಲ್ಲ, ಅದರ ಹಿಂದಿನ ‘ಟ’ ಎರಡೇ ಬೈಟ್‌ಗೆ ತುಂಡಾಗುತ್ತದೆ. ತುಂಡಾದ ಬೈಟ್ ಯುಟಿಎಫ್-8ರಲ್ಲಿ ಅಕ್ಷರವೇ ಅಲ್ಲವಾದ್ದರಿಂದ ಫೈಲ್ ಮೊದಲ ಜರಡಿಯಲ್ಲೇ ಬೀಳುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ಕಾಟ, ಅಕ್ಷರಗಳು ಕೂಡದಂತೆ ತಡೆಯುವ ಅಗಲವಿಲ್ಲದ ಚಿಹ್ನೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ತೋರಿಸಲು ಅದು ಬೇಕು. ‘ಬಿಎಸ್‌ಎನ್‌ಎಲ್’ ಎಂಬಲ್ಲಿ ಅದು ಇದ್ದರೂ ಇಲ್ಲದಿದ್ದರೂ ಕಾಣುವುದು ಒಂದೇ ರೀತಿ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಎರಡು ಬೇರೆ ಹೆಸರು. ಹುಡುಕಿದರೆ ಸಿಗುವುದಿಲ್ಲ, ಹೋಲಿಸಿದರೆ ಹೊಂದುವುದಿಲ್ಲ. ಗುರುತಿಗೆ ಸಂಖ್ಯೆ, ಓದಲು ಕನ್ನಡ ಎಂಬ ಪದ್ಧತಿಗೆ ಇದು ಇನ್ನೊಂದು ಕಾರಣ.

ಜಾಲದಿಂದ ವಾಪಸ್ ಬರುವ ಫೈಲ್

ಎರಡು ಬಗೆಯ ಫೈಲ್ ಜಾಲದಿಂದ ಹಿಂದಕ್ಕೆ ಬರುತ್ತವೆ. ಒಂದು ಅಳತೆಯದ್ದು. ಎಷ್ಟು ಕರೆ, ಎಷ್ಟು ಕಡಿದವು, ಎಷ್ಟು ಡೇಟಾ ಎಂದು ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ, ಅಂದರೆ 900 ಸೆಕೆಂಡಿಗೊಮ್ಮೆ. ಇದೂ ಎಕ್ಸ್‌ಎಂಎಲ್, ಇದರಲ್ಲೂ ಅದೇ ಡಿಎನ್. ಸಮಯದ ವಲಯ ನೋಡದೆ ಓದಿದರೆ ಐದೂವರೆ ಗಂಟೆ ಹಿಂದುಮುಂದಾಗಿ, ಮಧ್ಯಾಹ್ನದ ಮೆರವಣಿಗೆಯ ದಟ್ಟಣೆ ಬೆಳಿಗ್ಗೆಯೇ ಬಂದಂತೆ ಕಾಣುತ್ತದೆ.

ಇನ್ನೊಂದು, ಜಾಲದಲ್ಲಿ ಈ ಕ್ಷಣ ಏನಿದೆ ಎಂಬ ಪೂರ್ತಿ ಪ್ರತಿ. ಎಂಜಿನಿಯರುಗಳು ಇದಕ್ಕೆ ‘ಡಂಪ್’ ಎನ್ನುತ್ತಾರೆ. ಒಂದೊಂದು ಸೆಲ್‌ಗೂ ನೂರಾರು ಖಾನೆಗಳಿರುವುದರಿಂದ ಜಿಲ್ಲೆಯ ಫೈಲ್ ಬಹಳ ದೊಡ್ಡದು. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಲು ಹೋದರೆ ಕಂಪ್ಯೂಟರ್ ಕುಸಿದು ಕೂರುತ್ತದೆ. ಇಡೀ ಫೈಲ್ ಅನ್ನು ಮರದಂತೆ ಮೆಮೊರಿಗೆ ಏರಿಸುವ ಪ್ರೋಗ್ರಾಂ ಫೈಲ್‌ನ ಗಾತ್ರಕ್ಕಿಂತ ಹಲವು ಪಟ್ಟು ಮೆಮೊರಿ ಕೇಳುತ್ತದೆ. ಆಲೆಮನೆಯಲ್ಲಿ ಗಾಣಕ್ಕೆ ಒಂದೊಂದೇ ಜಲ್ಲೆ ಕೊಡುತ್ತಾರಲ್ಲ, ಹಾಗೆ ಒಂದೊಂದೇ ಎಲಿಮೆಂಟ್ ಓದಿ, ಬೇಕಾದ್ದನ್ನು ಹಿಂಡಿಕೊಂಡು ಸಿಪ್ಪೆ ಬಿಸಾಡುತ್ತ ಸಾಗುವ ಓದುಗ ಪ್ರೋಗ್ರಾಂ ಇಲ್ಲಿ ಸರಿ.

ಈ ಪ್ರತಿಯನ್ನು ಕಚೇರಿಯ ಯೋಜನೆಯ ಫೈಲ್ ಜೊತೆ ಡಿಎನ್ ಹಿಡಿದು ಖಾನೆಯಿಂದ ಖಾನೆಗೆ ಹೋಲಿಸುವುದು ನಿತ್ಯದ ಕೆಲಸ. ವ್ಯತ್ಯಾಸ ಬಂದೇ ಬರುತ್ತದೆ, ಅದೆಲ್ಲವೂ ತಪ್ಪಲ್ಲ. ಮಳೆಗಾಲದ ರಾತ್ರಿ ಯಾವುದೋ ಸೆಲ್ ಪಕ್ಕದವರಿಗೆ ಅಡ್ಡಿ ಮಾಡುತ್ತಿತ್ತು, ಟವರ್ ಬಳಿ ಹೋದವರು ಅದರ ಶಕ್ತಿಯನ್ನು ಇಳಿಸಿ ಬಂದರು, ಯೋಜನೆಯ ಫೈಲ್‌ನಲ್ಲಿ ಬರೆಸಲಿಲ್ಲ ಎನ್ನಿ. ತಿಂಗಳ ನಂತರ ಬೇರೆ ಯಾವುದೋ ಕೆಲಸಕ್ಕೆ ಇಡೀ ಪ್ರದೇಶದ ಫೈಲ್ ಜಾರಿಯಾದಾಗ ಆ ಖಾನೆಯೂ ಹಳೆಯ ಬೆಲೆಗೆ ಮರಳುತ್ತದೆ, ಹಳೆಯ ತೊಂದರೆ ಹೊಸದರಂತೆ ಎದ್ದು ಬರುತ್ತದೆ. ಆದ್ದರಿಂದ ಇಡೀ ಪ್ರದೇಶದ ಫೈಲ್ ಕಳಿಸುವ ಮೊದಲು ಅದೇ ದಿನದ ಡಂಪ್ ತೆಗೆದು, ವ್ಯತ್ಯಾಸದ ಪಟ್ಟಿಯ ಒಂದೊಂದು ಸಾಲಿಗೂ ‘ಯೋಜನೆ ಸರಿ’ ಅಥವಾ ‘ಜಾಲ ಸರಿ’ ಎಂದು ಗುರುತು ಹಾಕಬೇಕು. ಗುರುತು ಬೀಳದ ಖಾನೆಗಳನ್ನು ಫೈಲ್‌ನಿಂದ ತೆಗೆದು, ಬದಲಾಗಬೇಕಾದ್ದನ್ನು ಮಾತ್ರ ಕಳಿಸಬೇಕು. ತೆಗೆದಿಟ್ಟ ಆ ಡಂಪ್ ಎಡವಟ್ಟಾದಾಗ ಹಿಂದಿರುಗುವ ದಾರಿಯೂ ಹೌದು. ಅದು ಕೂಡ ಎಕ್ಸ್‌ಎಂಎಲ್ ಆದ್ದರಿಂದ, ಉಳಿಸಿಟ್ಟ ಮೇಲೆ ಕೊನೆಯ ಮುಕ್ತಾಯದ ಟ್ಯಾಗ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಡಿಸ್ಕ್ ತುಂಬಿ ಅರ್ಧಕ್ಕೆ ನಿಂತ ಫೈಲ್‌ಗೂ ಹೆಸರು, ತಾರೀಖು, ಗಾತ್ರ ಎಲ್ಲ ಇದ್ದೇ ಇರುತ್ತವೆ, ಆ ಒಂದು ಸಾಲು ಮಾತ್ರ ಇರುವುದಿಲ್ಲ.